ಕ್ಷೌರದ ಕತ್ತಿ ಕಲಿಯುತ್ತಿದ್ದೇನೆ, ನಿಮ್ಮ ಅನುಭವ ಹೇಳಿ

ಮಡಚುವ ಕ್ಷೌರದ ಕತ್ತಿಯಲ್ಲಿ ಗಡ್ಡ ಮಾಡಿಕೊಳ್ಳಲು ಶುರು ಮಾಡಿ ಎರಡು ವಾರ ಆಯಿತು. ಬ್ಲೇಡ್ ಬದಲಿಸುವಂಥದ್ದಲ್ಲ, ಮಸೆದು ಬಳಸುವ ಕತ್ತಿ. ಕಾರ್ಬನ್ ಸ್ಟೀಲ್, 5/8 ಇಂಚು ಅಗಲ, ತುದಿ ದುಂಡಗಿದೆ. ಮಾರಿದವರು ಮಸೆದೇ ಕೊಟ್ಟಿದ್ದರು. ಮೊದಲ ಸಲ ಕೆನ್ನೆಯ ಕೂದಲು ಹೋಗಿದ್ದೇ ಗೊತ್ತಾಗಲಿಲ್ಲ. ನಾಲ್ಕನೇ ಸಲದಿಂದ ಎಳೆಯಲು ಶುರುವಾಯಿತು. ಈಗ ಗದ್ದದ ಹತ್ತಿರ ಹೋದರೆ ಕಣ್ಣಲ್ಲಿ ನೀರು ಬರುತ್ತದೆ, ಕತ್ತು ಉರಿಯುತ್ತದೆ. ಎರಡು ಕಡೆ ಕೊಯ್ದುಕೊಂಡಿದ್ದೇನೆ. ಪ್ರತಿ ಸಲವೂ ಮೊದಲು ಚರ್ಮದ ಪಟ್ಟಿಗೆ ಉಜ್ಜಿಯೇ ಬಳಸುತ್ತೇನೆ. ತಪ್ಪು ನನ್ನ ಕೈಯದೋ ಕತ್ತಿಯದೋ ಗೊತ್ತಾಗುತ್ತಿಲ್ಲ. ನಿಮಗೆ ಶುರುವಿನಲ್ಲಿ ಹೇಗಿತ್ತು? ಕೈ ಕೂರಲು ಎಷ್ಟು ದಿನ ಹಿಡಿಯಿತು?

*

ಮೊದಲ ಸಲ ಚೆನ್ನಾಗಿ ಬಂತು, ನಾಲ್ಕನೇ ಸಲ ಎಳೆಯಿತು ಅಂದಿರಲ್ಲ, ಉತ್ತರ ಅಲ್ಲೇ ಇದೆ. ಮೂರು ಸಲ ಗಡ್ಡ ಮಾಡಿದ್ದಕ್ಕೆ ಮಸೆದ ಕತ್ತಿ ಮೊಂಡಾಗುವುದಿಲ್ಲ. ಪಟ್ಟಿಗೆ ಉಜ್ಜುವಾಗ ನೀವೇ ಅದರ ಬಾಯಿ, ಅಂದರೆ ಕುಯ್ಯುವ ಅಂಚು, ಕೆಡಿಸಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ನನಗೂ ಹೀಗೇ ಆಗಿತ್ತು. ನಾನು ಒಂದೂವರೆ ತಿಂಗಳು ಮುಖದ ಮೇಲೆ ಕೋನ ಬದಲಿಸಿ ಬದಲಿಸಿ ನೋಡಿದೆ. ತಪ್ಪು ಮುಖದ ಹತ್ತಿರ ಇರಲೇ ಇಲ್ಲ.

ಕತ್ತಿಯ ಬಾಯಿ ಕಣ್ಣಿಗೆ ಕಾಣದಷ್ಟು ತೆಳು. ಗಡ್ಡದ ಗಟ್ಟಿ ಕೂದಲು ಕುಯ್ಯುವಾಗ ಅದು ಅಲ್ಲಲ್ಲಿ ಸ್ವಲ್ಪ ಬಾಗುತ್ತದೆ. ಅದನ್ನು ನೇರ ಮಾಡುವುದೇ ಪಟ್ಟಿಯ ಮುಖ್ಯ ಕೆಲಸ. ಕತ್ತಿಯನ್ನು ಪೂರ್ತಿ ಮಲಗಿಸಬೇಕು. ಬೆನ್ನು, ಬಾಯಿ ಎರಡೂ ಒಟ್ಟಿಗೆ ಚರ್ಮಕ್ಕೆ ತಾಗಿರಬೇಕು. ಚಲಿಸುವಾಗ ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿಯ ಕೊನೆಗೆ ಬಂದ ಮೇಲೆ ನಿಲ್ಲಿಸಿ. ಬೆನ್ನು ಚರ್ಮದ ಮೇಲೇ ಇರಲಿ, ಬಾಯಿ ಮೇಲೆದ್ದು ಆಚೆ ಕಡೆಗೆ ಹೊರಳಬೇಕು. ಆಮೇಲೆ ವಾಪಸ್ ಬನ್ನಿ.

ಹೊಸಬರು ಹಾಳು ಮಾಡುವುದು ಈ ಹೊರಳಿಸುವ ಜಾಗದಲ್ಲೇ. ಕತ್ತಿ ಇನ್ನೂ ಚಲಿಸುತ್ತಿರುವಾಗಲೇ ಬೆನ್ನು ಎತ್ತಿಬಿಡುತ್ತಾರೆ. ಆ ಒಂದು ಕ್ಷಣ ಭಾರವೆಲ್ಲ ಬಾಯಿಯ ಮೇಲೆ ಬೀಳುತ್ತದೆ, ಬಾಯಿ ಮಡಚಿಕೊಳ್ಳುತ್ತದೆ. ಪಟ್ಟಿ ಜೋಲಾಗಿದ್ದರೂ ಅಷ್ಟೇ. ಜೋಲು ಪಟ್ಟಿ ಬಾಯಿಯ ಸುತ್ತ ಬಾಗಿ ಅದನ್ನು ದುಂಡಗೆ ಮಾಡುತ್ತದೆ. ಒಂದು ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯಿರಿ. ಒತ್ತಬೇಡಿ. ಕತ್ತಿಯ ಭಾರಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಜೋರಾಗಿ ಪಟಪಟ ಉಜ್ಜುವವರನ್ನು ನೋಡಿ ಹಾಗೆ ಮಾಡಲು ಹೋಗಬೇಡಿ. ಅವರ ಕೈಗೆ ವರ್ಷಗಳ ಅಭ್ಯಾಸವಿದೆ.

ನಾನು ಮಾಡಿದ್ದು ಇಷ್ಟು. ಹತ್ತು ದಿನ ಕತ್ತಿ ಮುಟ್ಟಲಿಲ್ಲ. ಬೆಣ್ಣೆ ಸವರುವ ಮೊಂಡು ಚಾಕು ಹಿಡಿದು ಪಟ್ಟಿಯ ಮೇಲೆ ಹೊರಳಿಸುವುದನ್ನೇ ಮಾಡಿದೆ, ದಿನಾ ಹತ್ತು ನಿಮಿಷ. ಹತ್ತನೇ ದಿನಕ್ಕೆ ಬೆರಳುಗಳೇ ಹೊರಳಿಸುತ್ತಿದ್ದವು, ಮಣಿಕಟ್ಟು ಅಲುಗುತ್ತಿರಲಿಲ್ಲ. ಈಗ ಗಡ್ಡಕ್ಕೆ ಮುಂಚೆ ಬಟ್ಟೆಯ ಪಟ್ಟಿಯ ಮೇಲೆ 20 ಸಲ, ಚರ್ಮದ ಮೇಲೆ 50 ಸಲ. ಹೋಗಿ ಬಂದರೆ ಒಂದು ಅಂತ ಲೆಕ್ಕ.

ನಿಮ್ಮ ಕತ್ತಿಯನ್ನು ಮೊದಲು ಯಾರಾದರೂ ಬಲ್ಲವರ ಕೈಯಲ್ಲಿ ಮಸೆಸಿ. ಅಲ್ಲಿಯವರೆಗೆ ಅದರಲ್ಲಿ ಗಡ್ಡ ಮಾಡಬೇಡಿ. ಎಳೆಯುವ ಕತ್ತಿ ಹಿಡಿದರೆ ಕೈ ತಾನಾಗಿ ಒತ್ತಲು ಕಲಿಯುತ್ತದೆ. ಆ ಅಭ್ಯಾಸ ಆಮೇಲೆ ಬಿಡಿಸುವುದು ಬಹಳ ಕಷ್ಟ.

*

ಮೇಲಿನವರು ಹೇಳಿದ್ದು ನಿಜ. ಮಸೆಯುವ ವಿಷಯ ಮಾತ್ರ ನಾನು ಸೇರಿಸುತ್ತೇನೆ, ಎಂಟು ವರ್ಷದಿಂದ ನನ್ನವನ್ನು ನಾನೇ ಮಸೆದುಕೊಳ್ಳುತ್ತೇನೆ.

ಕಲ್ಲಿನ ಮೇಲೆ ಬಾಯಿ ಮುಂದೆ, ಪಟ್ಟಿಯ ಮೇಲೆ ಬೆನ್ನು ಮುಂದೆ. ಇದು ತಿರುಗುಮುರುಗಾದರೆ ಪಟ್ಟಿ ಸೀಳುತ್ತದೆ. ಕತ್ತಿಯ ದಪ್ಪ ಬೆನ್ನು ಕಲ್ಲಿಗೆ ತಾಗಿಕೊಂಡೇ ಇರುವುದರಿಂದ ಕೋನ ತಾನಾಗಿ ಸಿಗುತ್ತದೆ, ಅಡುಗೆಮನೆಯ ಚಾಕುವಿನ ಹಾಗೆ ಅಂದಾಜು ಮಾಡಬೇಕಿಲ್ಲ. ಬಾಯಿ ಪೂರ್ತಿ ಹೋಗಿದ್ದರೆ 1000 ನಂಬರಿನ ಕಲ್ಲಿನಿಂದ ಶುರು ಮಾಡಿ 8000, 12000ದವರೆಗೆ ಹೋಗಬೇಕು. ನಿಮ್ಮದು ಬರೀ ಮಡಚಿಕೊಂಡಿದ್ದರೆ ಕೊನೆಯ ನಯವಾದ ಕಲ್ಲಿನ ಮೇಲೆ ಹತ್ತು ಹದಿನೈದು ಎಳೆತದಲ್ಲೇ ಸರಿಹೋಗಬಹುದು. ಮೊದಲ ವರ್ಷ ಮಸೆಯುವ ಗೋಜಿಗೆ ಹೋಗದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಗಡ್ಡ ಮಾಡುವುದು, ಪಟ್ಟಿಗೆ ಉಜ್ಜುವುದು, ಕಲ್ಲಿಗೆ ಮಸೆಯುವುದು, ಮೂರನ್ನೂ ಒಟ್ಟಿಗೆ ಕಲಿಯಲು ಹೋದರೆ ಯಾವುದರಲ್ಲಿ ತಪ್ಪಿದ್ದೀರಿ ಅಂತ ಗೊತ್ತೇ ಆಗುವುದಿಲ್ಲ. ಈಗ ನಿಮಗೆ ಆಗಿರುವುದೂ ಅದೇ ಅಲ್ವಾ?

ಮಸೆದು ಬಂದ ಮೇಲೆ ಮುಂಗೈಯ ಕೂದಲ ಮೇಲೆ ಪರೀಕ್ಷೆ ಮಾಡಿ. ಕತ್ತಿಯನ್ನು ಚರ್ಮಕ್ಕೆ ತಾಗಿಸದೆ, ಸ್ವಲ್ಪ ಮೇಲೆ ಸರಿಸಿ. ಕೂದಲ ತುದಿ ತಾನಾಗಿ ತುಂಡಾಗಿ ಬೀಳಬೇಕು.

*

ನನಗೆ ಪಟ್ಟಿಯ ತೊಂದರೆ ಇರಲಿಲ್ಲ, ಕತ್ತು ಉರಿಯುವುದು ಮಾತ್ರ ಇತ್ತು. ಕಾರಣ ಕೋನ. ಕನ್ನಡಿಯಲ್ಲಿ ನೋಡಿದರೆ 30 ಡಿಗ್ರಿ ಅನ್ನಿಸುತ್ತಿತ್ತು, ನಿಜವಾಗಿ 45 ಇತ್ತು. ಅಷ್ಟು ಎತ್ತಿದರೆ ಕತ್ತಿ ಚರ್ಮವನ್ನು ಕೆರೆಯುತ್ತದೆ. ಈಗ ಹೀಗೆ ಮಾಡುತ್ತೇನೆ. ಕತ್ತಿಯನ್ನು ಕೆನ್ನೆಯ ಮೇಲೆ ಪೂರ್ತಿ ಮಲಗಿಸಿ, ಬೆನ್ನನ್ನು ಮಾತ್ರ ಎತ್ತುತ್ತೇನೆ. ಬೆನ್ನಿನ ದಪ್ಪದ ಎರಡರಷ್ಟು ಸಂದು ಬಂದರೆ ಸಾಕು.

ಸದ್ದನ್ನೂ ಕೇಳಿ. ತೆಳ್ಳಗಿನ ಅಲಗು ಕೂದಲು ಕುಯ್ಯುವಾಗ ಸಣ್ಣಗೆ ಚರ್ ಚರ್ ಅನ್ನುತ್ತದೆ. ಸದ್ದು ಒರಟಾದರೆ ಕೋನ ಜಾಸ್ತಿಯಾಗಿದೆ ಅಂತ ಅರ್ಥ. ನಾನು ಕನ್ನಡಿಗಿಂತ ಕಿವಿಯನ್ನೇ ನಂಬುತ್ತೇನೆ.

ಇನ್ನೊಂದು ವಿಷಯ, ಚರ್ಮ ಎಳೆದು ಹಿಡಿಯುವುದು. ಕತ್ತಿ ಹಿಡಿಯದ ಕೈಗೇ ಜಾಸ್ತಿ ಕೆಲಸ. ನೊರೆಯಿಂದ ಬೆರಳು ಜಾರುತ್ತಿದ್ದರೆ ಒರೆಸಿಕೊಳ್ಳಿ, ಇಲ್ಲವೇ ಪಟಿಕದ ತುಂಡು ಮುಟ್ಟಿಕೊಳ್ಳಿ, ಹಿಡಿತ ಬರುತ್ತದೆ. ಗಡ್ಡವಾದ ಮೇಲೆ ಅದೇ ಪಟಿಕವನ್ನು ನೆನೆಸಿ ಮುಖಕ್ಕೆ ಸವರಿ. ಸಣ್ಣ ಗಾಯದ ರಕ್ತ ನಿಲ್ಲುತ್ತದೆ. ಎಲ್ಲಿ ಜಾಸ್ತಿ ಉರಿಯಿತೋ ಅಲ್ಲಿ ನೀವು ಒತ್ತಿದ್ದೀರಿ. ಅದನ್ನು ನೋಡಿಕೊಂಡೇ ನಾನು ಕೈ ತಿದ್ದಿಕೊಂಡೆ.

*

ಪೂರ್ತಿ ಮುಖ ಮಾಡಲು ಹೋಗಬೇಡಿ. ಮೊದಲ ಎರಡು ವಾರ ಎರಡು ಕೆನ್ನೆ ಮಾತ್ರ. ಉಳಿದದ್ದು ನಿಮ್ಮ ಹಳೆಯ ರೇಜರ್‌ನಲ್ಲಿ. ಆಮೇಲೆ ಕತ್ತು, ಕೊನೆಗೆ ಮೀಸೆಯ ಜಾಗ ಮತ್ತು ಗದ್ದ. ಕೂದಲು ಬೆಳೆಯುವ ದಿಕ್ಕಿನಲ್ಲೇ ಎಳೆಯಿರಿ, ಒಂದು ತಿಂಗಳು ಎದುರು ದಿಕ್ಕಿನ ಯೋಚನೆಯೇ ಬೇಡ. ಕತ್ತಿನಲ್ಲಿ ಕೂದಲು ಹಲವರಿಗೆ ಅಡ್ಡಡ್ಡ ಬೆಳೆದಿರುತ್ತದೆ. ಎರಡು ದಿನ ಗಡ್ಡ ಬಿಟ್ಟು ಬೆರಳಾಡಿಸಿದರೆ ದಿಕ್ಕು ಗೊತ್ತಾಗುತ್ತದೆ.

ಗದ್ದ ದುಂಡಗೆ, ಕತ್ತಿಯ ಬಾಯಿ ನೇರ. ಅದಕ್ಕೇ ಅಲ್ಲಿ ಕಷ್ಟ. ಕೆಳತುಟಿಯನ್ನು ಹಲ್ಲಿನ ಮೇಲೆ ಎಳೆದುಕೊಂಡು ಚರ್ಮ ಚಪ್ಪಟೆ ಮಾಡಿ, ಸಣ್ಣ ಸಣ್ಣ ಎಳೆತ ಹಾಕಿ.

ನಾನು ಎಡ ಕೆನ್ನೆಗೆ ಎಡಗೈ ಬಳಸುತ್ತೇನೆ. ಮೊದಲ ವಾರ ನಡುಗುತ್ತಿತ್ತು. ಈಗ ಬಲಗೈಗಿಂತ ಅದೇ ಹಗುರ, ಏಕೆಂದರೆ ಅದಕ್ಕೆ ಒತ್ತುವ ಹಳೆಯ ಅಭ್ಯಾಸ ಇಲ್ಲ.

*

ಎಲ್ಲರೂ ಕತ್ತಿಯ ಬಗ್ಗೆಯೇ ಹೇಳಿದಿರಿ. ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಒಣಗಿದ ಗಡ್ಡದ ಕೂದಲು ಬಹಳ ಗಟ್ಟಿ. ಬಿಸಿನೀರಿನ ಸ್ನಾನ ಆದ ತಕ್ಷಣ ಮಾಡಿ. ಬ್ರಷ್‌ನಲ್ಲಿ ಸೋಪಿನ ನೊರೆ ಎಬ್ಬಿಸಿ ಎರಡು ಮೂರು ನಿಮಿಷ ಮುಖದ ಮೇಲೆ ತಿರುಗಿಸಿ. ನೊರೆ ಮೊಸರಿನ ಹಾಗೆ ಒದ್ದೆಯಾಗಿ ಹೊಳೆಯಬೇಕು. ಹತ್ತಿಯ ಹಾಗೆ ಉಬ್ಬಿದ ನೊರೆಯಲ್ಲಿ ನೀರು ಇರುವುದಿಲ್ಲ. ಮಧ್ಯದಲ್ಲಿ ಒಣಗಿದರೆ ಮತ್ತೆ ಹಚ್ಚಿಕೊಳ್ಳಿ.

*

ಮೂರು ಎಚ್ಚರಿಕೆ ಮಾತ್ರ. ಕತ್ತಿಯನ್ನು ಬಾಯಿಯ ಉದ್ದಕ್ಕೆ, ಪಕ್ಕಕ್ಕೆ ಯಾವತ್ತೂ ಸರಿಸಬೇಡಿ. ಆಳವಾಗಿ ಕೊಯ್ಯುವುದು ಹಾಗೇ. ಕೈಜಾರಿದರೆ ಹಿಡಿಯಲು ಹೋಗಬೇಡಿ, ಬೀಳಲಿ ಬಿಡಿ, ಕಾಲು ಹಿಂದೆ ತೆಗೆಯಿರಿ. ನಾನು ಒಂದು ಸಲ ಹಿಡಿಯಲು ಹೋಗಿ ಬೆರಳಿಗೆ ಮೂರು ಹೊಲಿಗೆ ಹಾಕಿಸಿಕೊಂಡೆ. ಮತ್ತೆ, ಕತ್ತಿಯನ್ನು ಯಾರ ಜೊತೆಗೂ ಹಂಚಿಕೊಳ್ಳಬೇಡಿ, ತಮ್ಮನಾದರೂ ಸರಿ. ಹೆಪಟೈಟಿಸ್ ಬಿ, ಸಿ ರಕ್ತದಿಂದ ಹರಡುವ ಕಾಯಿಲೆಗಳು. ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು.

*

ಪ್ರಶ್ನೆ ಕೇಳಿದವನು. ಐದು ವಾರದ ನಂತರ ಬರೆಯುತ್ತಿದ್ದೇನೆ. ಕತ್ತಿಯನ್ನು ಮಸೆಸಿದೆ. ಮಸೆದವರು ಭೂತಗನ್ನಡಿಯಲ್ಲಿ ಬಾಯಿ ತೋರಿಸಿದರು. ಹಿಡಿಯ ಹತ್ತಿರ ನೇರ, ತುದಿಯ ಕಡೆ ಮಡಚಿಕೊಂಡಿತ್ತು. ಹೊರಳಿಸುವಾಗ ತುದಿ ಎತ್ತುತ್ತಿದ್ದೆ ಅಂತ ಆಗ ಗೊತ್ತಾಯಿತು. ಮೊಂಡು ಚಾಕುವಿನ ಅಭ್ಯಾಸ ಹನ್ನೆರಡು ದಿನ ಮಾಡಿದೆ. ಈಗ ಕೆನ್ನೆ, ಕತ್ತು ಎರಡೂ ಆಗುತ್ತವೆ, ಉರಿ ಇಲ್ಲ. ಇಪ್ಪತ್ತು ನಿಮಿಷ ಹಿಡಿಯುತ್ತದೆ. ಗದ್ದ ಇನ್ನೂ ಹಳೆಯ ರೇಜರ್‌ನಲ್ಲೇ. ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಇನ್ನೊಂದೇ ಕೇಳುವುದಿದೆ. ಹಿಡಿಯ ಹತ್ತಿರ, ಮಡಚುವ ಜಾಗದಲ್ಲಿ, ಒಂದು ಕಂದು ಚುಕ್ಕೆ ಕಾಣುತ್ತಿದೆ. ತುಕ್ಕೇ?

*

ತುಕ್ಕೇ. ಕಾರ್ಬನ್ ಸ್ಟೀಲ್‌ಗೆ ಒಂದು ಹನಿ ನೀರು ಸಾಕು. ಕೀಲಿನೊಳಗೆ ನೀರು ಹೋಗದ ಹಾಗೆ ಅಲಗನ್ನು ಮಾತ್ರ ತೊಳೆಯಿರಿ. ಮೆತ್ತನೆ ಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಎದುರು ದಿಕ್ಕಿಗೆ ಬೇಡ. ಪಟ್ಟಿಯ ಮೇಲೆ ನಿಧಾನಕ್ಕೆ ಹತ್ತು ಸಲ ಆಡಿಸಿದರೆ ಉಳಿದ ತೇವವೂ ಹೋಗುತ್ತದೆ. ಒಂದು ಗಂಟೆ ತೆರೆದಿಟ್ಟು ಆಮೇಲೆ ಮಡಚಿ. ಎರಡು ದಿನಕ್ಕಿಂತ ಜಾಸ್ತಿ ಬಳಸುವುದಿಲ್ಲ ಅನ್ನಿಸಿದರೆ ಮಿನರಲ್ ಎಣ್ಣೆ ತೆಳ್ಳಗೆ ಸವರಿ. ಬಚ್ಚಲುಮನೆಯಲ್ಲಿ ಮಾತ್ರ ಇಡಬೇಡಿ. ಈಗಿರುವ ಚುಕ್ಕೆ ಬಾಯಿಯಿಂದ ದೂರ ಇದೆಯಲ್ಲ, ಲೋಹ ಉಜ್ಜುವ ಪಾಲಿಶ್ ಬಟ್ಟೆಗೆ ಸ್ವಲ್ಪ ಹಾಕಿಕೊಂಡು ತಿಕ್ಕಿದರೆ ಹೋಗುತ್ತದೆ.