ಲೇಖಕರು ಒಂದೇ ಕಡೆ ವಾಲಿದ್ದರೆ ಇತಿಹಾಸದ ಪುಸ್ತಕ ಪೂರ್ತಿ ಓದಬೇಕಾ?

ರಾತ್ರಿಓದುಗ:
800 ಪುಟದ ದಪ್ಪ ಪುಸ್ತಕವೊಂದನ್ನು ಹಿಡಿದಿದ್ದೇನೆ. ಇಡೀ ಇಪ್ಪತ್ತನೇ ಶತಮಾನದ ಜಗತ್ತಿನ ಕಥೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದ್ರೆ ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ. ಆದರೆ ಲೇಖಕರಿಗೆ ಕಮ್ಯುನಿಸ್ಟರನ್ನು ಕಂಡರೆ ಆಗಲ್ಲ. ಅದನ್ನು ಮುಚ್ಚಿಡುವುದೂ ಇಲ್ಲ. ಮೊದಮೊದಲು ನನಗೆ ಖುಷಿಯೇ ಆಯ್ತು, ಸುತ್ತಿ ಬಳಸದೆ ಹೇಳ್ತಾರಲ್ಲ ಅಂತ.

1950ರ ದಶಕಕ್ಕೆ ಬಂದಾಗ ಅನುಮಾನ ಶುರುವಾಯಿತು. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೆರಿಯ ರಾಜಧಾನಿ ಬುಡಾಪೆಸ್ಟ್‌ಗೆ ನುಗ್ಗಿದ್ದಕ್ಕೆ ಆರು ಪುಟ. 1953ರಲ್ಲಿ ಇರಾನಿನ ಪ್ರಧಾನಿ ಮೊಸಾದೆಗ್ ಸರ್ಕಾರವನ್ನು ಉರುಳಿಸಿದ್ದಕ್ಕೆ ಅರ್ಧ ವಾಕ್ಯ! ಅವರು ತೈಲವನ್ನು ರಾಷ್ಟ್ರೀಕರಣ ಮಾಡಿದ್ದಾಗಲಿ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮತ್ತು ಬ್ರಿಟಿಷರ ಕೈವಾಡವಾಗಲಿ ಸುದ್ದಿಯೇ ಇಲ್ಲ. ಇದು ನನಗೆ ಮೊದಲೇ ಗೊತ್ತಿದ್ದರಿಂದ ಸಿಕ್ಕಿಬಿತ್ತು. ಗೊತ್ತಿಲ್ಲದ ಕಡೆ ಏನೇನು ನುಂಗಿಹಾಕಿದ್ದಾರೋ? ಮುಂದೆ ಓದಲಾ, ಬಿಡಲಾ?

ಪೆನ್ಸಿಲ್‌ಕಿವಿ:
ಬಿಡಬೇಡಿ. ಕ್ರಿಯಾಪದಗಳ ಮೇಲೆ ಒಂದು ಕಣ್ಣಿಡಿ. ಎಲ್ಲಿ ‘ಕೊಂದರು’ ಅಂತಾರೆ, ಎಲ್ಲಿ ‘ಸತ್ತರು’ ಅಂತಾರೆ? 1932-33ರ ಉಕ್ರೇನ್ ಕ್ಷಾಮ, 1943ರ ಬಂಗಾಳದ ಕ್ಷಾಮ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಎರಡರಲ್ಲೂ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತಿದ್ದಾರೆ. ಎಡಕ್ಕೆ ವಾಲಿದ ಪುಸ್ತಕಗಳಲ್ಲೂ ಇದೇ ಆಟ, ಪಾತ್ರಗಳು ಅದಲುಬದಲು ಅಷ್ಟೇ.

ಗೆದ್ದಲು:
ನಾನಂತೂ ಮೊದಲು ನೋಡುವುದು ಕಥೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ. ಮೊದಲ ಮಹಾಯುದ್ಧಕ್ಕೆ ಕಿಡಿ ಹೊತ್ತಿಸಿದ 1914ರ ಸರಾಯೆವೊ ಗುಂಡಿನಿಂದ 1991ರ ಸೋವಿಯತ್ ಪತನದವರೆಗೆ ಅಂದರೆ ಅದು ಯುರೋಪಿನ ಶತಮಾನ. 1960 ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಅದಕ್ಕೆ ಎಷ್ಟು ಪುಟ ಕೊಟ್ಟಿದ್ದಾರೆ, ನೋಡಿ ಹೇಳಿ.

ಸುಮ್ನೆಬಂದೆ:
ಯಾರ ಪಕ್ಷವನ್ನೂ ವಹಿಸದ ಪುಸ್ತಕವೇ ಬೇಕು ಅಂದ್ರೆ ಶಾಲೆಯ ಪಠ್ಯವೇ ಗತಿ. ಅದೂ ಪಕ್ಷ ವಹಿಸುತ್ತೆ ಬಿಡಿ, ಜೊತೆಗೆ ಬೋರು.

ರಾತ್ರಿಓದುಗ:
@ಪೆನ್ಸಿಲ್‌ಕಿವಿ, ನಿನ್ನೆ ಹಿಂದಕ್ಕೆ ಹೋಗಿ ನೋಡಿದೆ. ಉಕ್ರೇನಿನ ಭಾಗದಲ್ಲಿ ಪ್ರತಿ ವಾಕ್ಯಕ್ಕೂ ಒಬ್ಬ ಕರ್ತೃ ಇದ್ದಾನೆ: ಸ್ಟಾಲಿನ್. ಧಾನ್ಯ ಕಿತ್ತುಕೊಂಡ, ಹಳ್ಳಿ ಬಿಟ್ಟು ಹೋಗದಂತೆ ತಡೆದ. ಅದು ಸುಳ್ಳೇನಲ್ಲ. ಬಂಗಾಳಕ್ಕೆ ಬಂದರೆ ಕರ್ತೃವೇ ನಾಪತ್ತೆ! ಅಕ್ಕಿ ‘ಸಿಗದಂತಾಯಿತು’. ಜಪಾನ್ ಬರ್ಮಾ ಹಿಡಿದದ್ದು ಇದೆ, 1942ರ ಚಂಡಮಾರುತ ಇದೆ. ಬ್ರಿಟಿಷ್ ಆಡಳಿತ ಊರವರ ದೋಣಿಗಳನ್ನು ವಶಪಡಿಸಿಕೊಂಡದ್ದು, ಧಾನ್ಯ ತರಲು ಹಡಗು ಕೊಡೋಕೆ ಲಂಡನ್ನಿನ ಯುದ್ಧ ಸಂಪುಟ ಹಿಂದೇಟು ಹಾಕಿದ್ದು ಇಲ್ಲ. ಆ ಪುಟದ ಅಂಚಿನಲ್ಲಿ ‘ಯಾರಿಂದ?’ ಅಂತ ಬರೆದಿಟ್ಟೆ.

@ಗೆದ್ದಲು, ನಿಮ್ಮ 17 ದೇಶಗಳಿಗೆ ಸಿಕ್ಕಿದ್ದು ಒಂದು ಪ್ಯಾರಾ. ಅದರಲ್ಲೂ ಅರ್ಧ ಕಾಂಗೋ ಗಲಾಟೆ.

ಓದೋದು ಬಿಟ್ಟಿಲ್ಲ. ಈಗ ವಿಯೆಟ್ನಾಂ ಶುರುವಾಗಿದೆ. ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದೇನೆ.