ಸಹಾಯ ಬೇಕು: ಜೋಗಿಮಟ್ಟಿ ಹಳೇ ಗೆಸ್ಟ್ ಹೌಸ್, 24 ಜನ, ಎರಡು ರಾತ್ರಿ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲಿರೋ ಅರಣ್ಯ ಇಲಾಖೆಯ ಹಳೇ ಗೆಸ್ಟ್ ಹೌಸ್ ನಮ್ಮ ಚಾರಣ ತಂಡಕ್ಕೆ ಡಿಸೆಂಬರ್ ಮೊದಲ ವಾರ ಬೇಕು. ವನ್ಯಜೀವಿ ಧಾಮ ಆದ್ದರಿಂದ ಎಲ್ಲರ ಹೆಸರು, ಆಧಾರ್ ಪ್ರತಿ, ಗಾಡಿ ನಂಬರ್ ಸೇರಿಸಿ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಸಿದ್ಧ ಮಾಡಿದ್ದೇವೆ. ಇತ್ತೀಚೆಗೆ ಗುಂಪಾಗಿ ರಾತ್ರಿ ತಂಗಲು ಅನುಮತಿ ಸಿಕ್ಕವರು ಇದ್ದೀರಾ?

ದೊಡ್ಡ ಚಿಂತೆ ನೀರಿನದು. ದಿನಕ್ಕೆ ತಲೆಗೆ 20 ಲೀಟರ್ ಅಂದ್ರೂ ಎರಡು ದಿನಕ್ಕೆ 960 ಲೀಟರ್, ಹತ್ತಿರ ಹತ್ತಿರ ಒಂದು ಟನ್ ತೂಕ. ಸಣ್ಣ ಗೂಡ್ಸ್ ಗಾಡಿ ಆ ಏರಿನಲ್ಲಿ ಒಂದೇ ಸಲಕ್ಕೆ ಎಳೆಯಲ್ಲ. ಒಂದೇ ಸಿಂಟೆಕ್ಸ್ ಇಟ್ಟು ಅರ್ಧ ಮಾತ್ರ ತುಂಬಿ ಒಯ್ದರೆ ತಿರುವಿನಲ್ಲಿ ನೀರು ಒಂದು ಕಡೆ ನುಗ್ಗಿ ಗಾಡಿ ವಾಲುತ್ತೆ. ಅದಕ್ಕೇ 200 ಲೀಟರಿನ ಐದು ಡ್ರಮ್, ಬಾಯಿವರೆಗೂ ತುಂಬಿ, ಹಗ್ಗ ಬಿಗಿದು, ಎರಡು ಟ್ರಿಪ್. ಮೇಲೆ ತೊಟ್ಟಿ ತುಂಬಿರುತ್ತೆ ಅಂತ ಖಚಿತವಾಗಿ ತಿಳಿದವರು ಹೇಳಿದರೆ ಇದಿಷ್ಟೂ ಉಳಿಯುತ್ತೆ.

ಅಡುಗೆ ಗ್ಯಾಸಿನಲ್ಲೇ, ಒಣಹುಲ್ಲು, ಆ ಗಾಳಿ, ಒಂದು ಕಿಡಿ ಸಾಕು ಗುಡ್ಡ ಹೊತ್ತಿಕೊಳ್ಳೋಕೆ. ಒಲೆಗೆ ಮೂರು ಕಡೆ ತಗಡಿನ ಮರೆ ಬೇಕು, ಬಾಡಿಗೆಗೆ ಎಲ್ಲಿ ಸಿಗುತ್ತೆ? ಕರಡಿ ಇರೋ ಕಾಡು, ಎಂಜಲು ಹೊರಗೆ ಬಿಡಲ್ಲ, ಮುಚ್ಚಳದ ಡಬ್ಬಿಯಲ್ಲಿ ಕೆಳಗೆ ತರ್ತೀವಿ.

ಶೌಚಾಲಯ ಎಷ್ಟಿವೆ, ಬಾಗಿಲ ಚಿಲಕ ಸರಿ ಇದೆಯಾ, ದಯವಿಟ್ಟು ನೋಡಿದವರು ತಿಳಿಸಿ.