ಸಹಾಯ ಬೇಕು: 361ನೇ ವಿಧಿಯ ರಕ್ಷಣೆ ಇರುವಾಗ ಕಾಲಮಿತಿ ಓಡುತ್ತದೆಯೇ?

ವಕೀಲ ಮಿತ್ರರೇ, ಒಂದು ಆದೇಶ ಹುಡುಕಿಕೊಡಿ. ಸಂವಿಧಾನದ 361(2)ನೇ ವಿಧಿಯಂತೆ ಹುದ್ದೆಯಲ್ಲಿರುವ ರಾಷ್ಟ್ರಪತಿ, ರಾಜ್ಯಪಾಲರ ಮೇಲೆ ಕ್ರಿಮಿನಲ್ ಕೇಸು ಹೂಡುವಂತಿಲ್ಲ, ಮುಂದುವರಿಸುವಂತಿಲ್ಲ. ಆದರೆ ಆ ಅವಧಿಯನ್ನು ಕಾಲಮಿತಿಯಿಂದ (ಕೇಸಿಗೆ ಕಾನೂನು ಕೊಡುವ ಗಡುವು) ಕಳೆಯಬೇಕೆಂದು ವಿಧಿ ಹೇಳುವುದಿಲ್ಲ. ಮೂರು ವರ್ಷ ಮೀರಿದ ಶಿಕ್ಷೆಯ ಅಪರಾಧಕ್ಕೆ ಮಿತಿಯೇ ಇಲ್ಲ, ಅದು ಬಿಡಿ. ಪೇಚು ಸಣ್ಣ ಅಪರಾಧಗಳದು: ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 514ರಲ್ಲಿ ಬರೀ ದಂಡವಿದ್ದರೆ 6 ತಿಂಗಳು, 1 ವರ್ಷದವರೆಗಿನ ಜೈಲಿಗೆ 1 ವರ್ಷ, 3 ವರ್ಷದವರೆಗಿನದಕ್ಕೆ 3 ವರ್ಷ. ಐದು ವರ್ಷ ಕಳೆದು ಕುರ್ಚಿ ಬಿಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಫ್ರಾನ್ಸ್ ಸಂವಿಧಾನದ 67ನೇ ವಿಧಿ ಮಿತಿಯನ್ನು ನೇರವಾಗಿಯೇ ತಡೆಹಿಡಿಯುತ್ತದೆ; ನಮ್ಮಲ್ಲಿ ಆ ಸಾಲಿಲ್ಲ.

ರಾಜ್ಯಪಾಲರಾಗಿರುವವರೆಗೆ ರಕ್ಷಣೆ ಇದೆ ಎಂದ ಸುಪ್ರೀಂ ಕೋರ್ಟ್‌ನ ಕಲ್ಯಾಣ್ ಸಿಂಗ್ ತೀರ್ಪು (2017) ಗೊತ್ತು, ಅದು ಬೇಡ. ಕಲಂ 516ರಡಿ ಈ ಸಮಯ ಕಳೆದದ್ದೋ, 519ರಡಿ ವಿಳಂಬ ಮನ್ನಿಸಿದ್ದೋ, ಯಾವುದಾದರೂ ಹೈಕೋರ್ಟ್ ಆದೇಶವಿದ್ದರೆ ಪ್ರಕರಣ ಸಂಖ್ಯೆ ಹಾಕಿ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಇವೇ ಕಲಂಗಳಾದ 470, 473ರದ್ದಾದರೂ ಸರಿ.